ಹದ್ದಿನ ಊಟ ಕೆಡಿಸಿದ ನನ್ನ ಫೋಟೊ

‘ಏಯ್, ಬೇಗ ಬಾರೇ, ಗರುಡ ಬಂದಿದೆ!’

ಅಮ್ಮ ಹೀಗೆ ಕೂಗಿದ್ದು ತುಮಕೂರು ಜಿಲ್ಲೆಯ ನಮ್ಮ ತೋಟದ ಮನೆಯಿಂದಲ್ಲ, ಅಮೆರಿಕದ ಸಿಯಾಟಲ್ ಪಕ್ಕದಲ್ಲಿರುವ ಅಕ್ಕನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ. ಕೈಯಲ್ಲಿ ಕೂಸಿನ ಒದ್ದೆ ಬಟ್ಟೆ, ತಲೆಗೆ ಸುತ್ತಿದ ಮಫ್ಲರ್, ಕಾಲಿಗೆ ಭಾವನ ಸಾಕ್ಸ್. ಎದುರಿನ ಕೆರೆಯಂಚಿನ ಎತ್ತರದ ಮರದ ತುದಿಯಲ್ಲಿ ಒಂದು ಹಕ್ಕಿ ಕೂತಿತ್ತು. ಬಿಳಿ ತಲೆ, ಕಂದು ಮೈ. ಅಮ್ಮ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೈ ಮುಗಿದೇಬಿಟ್ಟಳು.

ಅಮ್ಮನದೇನೂ ತಪ್ಪಿಲ್ಲ. ನಮ್ಮೂರ ಗರುಡನಿಗೂ ತಲೆ-ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಬಣ್ಣ. ತೇರಿನ ದಿನ ಆಕಾಶದಲ್ಲಿ ಗರುಡ ಒಂದು ಸುತ್ತು ಹಾಕಿದ ಮೇಲೆಯೇ ಹಗ್ಗಕ್ಕೆ ಕೈ ಹಾಕುವ ಊರು ನಮ್ಮದು. ಆದರೆ ಮರದ ಮೇಲಿದ್ದ ಹಕ್ಕಿ ಗರುಡನಿಗಿಂತ ತುಂಬಾ ದೊಡ್ಡದು. ನಾನು ಮೊಬೈಲ್ ತೆಗೆದು ಜೂಮ್ ಮಾಡುವಷ್ಟರಲ್ಲಿ ಅದು ಹಾರಿಹೋಯಿತು. ‘ಅದು ಬಾಲ್ಡ್ ಈಗಲ್ ಅಮ್ಮ, ಈ ದೇಶದ ರಾಷ್ಟ್ರಪಕ್ಷಿ’ ಎಂದೆ. ‘ಏನಾದರೂ ಇರಲಿ, ಬೆಳಗ್ಗೆ ಬೆಳಗ್ಗೆ ದರ್ಶನ ಕೊಡ್ತಲ್ಲ’ ಎಂದು ಅಮ್ಮ ಒಳಗೆ ಹೋದಳು.

ನಾವು ಅಲ್ಲಿಗೆ ಹೋಗಿದ್ದು ಹಕ್ಕಿ ನೋಡಲಿಕ್ಕಲ್ಲ, ಅಕ್ಕನ ಬಾಣಂತನಕ್ಕೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಎರಡು ಕಡೆ ವಿಮಾನ ಬದಲಿಸಬೇಕು. ನನ್ನ ಐದನೇ ಸೆಮಿಸ್ಟರ್ ಪರೀಕ್ಷೆ ಆಗಷ್ಟೇ ಮುಗಿದಿತ್ತು. ‘ಇವಳನ್ನೂ ಕಳಿಸಿ, ಬಿಟ್ಟು ಬರಲಿ’ ಎಂದು ಭಾವ ಟಿಕೆಟ್ ಹಾಕಿಸಿದರು. ಮೂರು ವಾರ ರಜೆ. ನಾನು ಸಿವಿಲ್ ಬಿಇ ಓದುತ್ತಿದ್ದೇನೆ. ಕಾಲೇಜಿನ ಫೋಟೊಗ್ರಫಿ ಕ್ಲಬ್‌ನಲ್ಲಿ ಹೆಸರಿದೆ, ಸ್ವಂತ ಕ್ಯಾಮೆರಾ ಇಲ್ಲ. ಭಾವನ ಕಪಾಟಿನಲ್ಲಿ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ 70-300 ಲೆನ್ಸ್ ಕಂಡಾಗ ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಫೆಬ್ರುವರಿಯಲ್ಲಿ ಕಾಲೇಜ್ ಫೆಸ್ಟ್. ಅದರಲ್ಲಿ ಫೋಟೊ ಸ್ಪರ್ಧೆ. ವಿಷಯ: ವನ್ಯಜೀವಿ. ಇನ್ನೇನು ಬೇಕು?

ಬೋಳು ಅಲ್ಲ, ಬಿಳಿ

ಭಾವ ಹೇಳಿದ ಜಾಗದ ಹೆಸರು ಸ್ಕ್ಯಾಜಿಟ್ ನದಿ. ಸಿಯಾಟಲ್‌ನಿಂದ ಉತ್ತರಕ್ಕೆ ಎರಡು ಗಂಟೆಯ ದಾರಿ. ಡಿಸೆಂಬರ್–ಜನವರಿಯಲ್ಲಿ ಅಲಾಸ್ಕ, ಕೆನಡಾ ಕಡೆಯ ಹದ್ದುಗಳು ಚಳಿಗಾಲ ಕಳೆಯಲು ಆ ನದಿಗೆ ಇಳಿದು ಬರುತ್ತವೆ. ಅಲ್ಲಿನವರು ಅದನ್ನು ನೋಡಲಿಕ್ಕೆಂದೇ ಥರ್ಮಸ್ ಫ್ಲಾಸ್ಕು, ಬೈನಾಕ್ಯುಲರ್ ಹಿಡಿದು ಹೋಗುತ್ತಾರೆ.

ಹೋಗುವ ಮುನ್ನ ಎರಡು ರಾತ್ರಿ ಕೂತು ಓದಿದೆ. ‘ಬಾಲ್ಡ್’ ಎಂದರೆ ಬೋಳು ಎಂದೇ ನಾನೂ ತಿಳಿದಿದ್ದೆ. ಇದರ ತಲೆ ಬೋಳಲ್ಲ, ತುಂಬಾ ಗರಿಯಿದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿ ಎಂಬ ಅರ್ಥವಿತ್ತಂತೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 6ರಿಂದ 7.5 ಅಡಿ. ಗಂಡಿಗಿಂತ ಹೆಣ್ಣು ದೊಡ್ಡದು. ಮರಿಗಳು ಮೈಯೆಲ್ಲ ಕಂದು, ಅಲ್ಲಲ್ಲಿ ಮಾಸಲು ಬಿಳಿ ಮಚ್ಚೆ. ತಲೆ, ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ನಮ್ಮ ಬಿಇಗಿಂತ ಒಂದು ವರ್ಷ ಹೆಚ್ಚು. ಬ್ಯಾಕ್‌ಲಾಗ್ ಇದ್ದವರಿಗೆ ಸಮ.

1782ರಲ್ಲೇ ಈ ಹಕ್ಕಿ ಅಮೆರಿಕದ ರಾಜಮುದ್ರೆ ಏರಿತು. ಆದರೆ ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಆಗಿದ್ದು 2024ರ ಡಿಸೆಂಬರಿನಲ್ಲಿ! ಎಲ್ಲರೂ ಅದಾಗಲೇ ರಾಷ್ಟ್ರಪಕ್ಷಿ ಎಂದುಕೊಂಡಿದ್ದರಿಂದ ಯಾರೂ ಕಾಗದ ಪತ್ರ ನೋಡಿರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್‌ಗೆ ಮಾತ್ರ ಇದು ಹಿಡಿಸಿರಲಿಲ್ಲ. ಬೇರೆ ಹಕ್ಕಿ ಕಷ್ಟಪಟ್ಟು ಹಿಡಿದ ಮೀನನ್ನು ಕಿತ್ತುಕೊಂಡು ತಿನ್ನುವ ಇದರದ್ದು ಒಳ್ಳೆಯ ನಡತೆಯಲ್ಲ ಎಂದು 1784ರಲ್ಲಿ ಮಗಳಿಗೆ ಕಾಗದ ಬರೆದಿದ್ದರು. ಇನ್ನು ಸಿನಿಮಾಗಳಲ್ಲಿ ಹದ್ದು ಕಂಡಾಗ ಕೇಳುವ ಆ ಮೈನವಿರೇಳಿಸುವ ಕೂಗು ಇದರದ್ದಲ್ಲ. ರೆಡ್-ಟೇಲ್ಡ್ ಹಾಕ್ ಎಂಬ ಬೇರೆ ಹಕ್ಕಿಯ ದನಿಯನ್ನು ಇದಕ್ಕೆ ಡಬ್ಬಿಂಗ್ ಮಾಡುತ್ತಾರೆ. ಇದರದ್ದು ‘ಕೀ ಕೀ ಕೀ’ ಎಂಬ ಪೀಚು ದನಿ.

ಕಾಂಕ್ರೀಟ್ ದಾಟಿ ಹದ್ದಿನೂರಿಗೆ

ಜನವರಿಯ ಎರಡನೇ ಶನಿವಾರ, ಬೆಳಗಿನ ಐದೂವರೆಗೆ ನಾನು, ಭಾವ ಹೊರಟೆವು. ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಸಣ್ಣಗೆ ಮಳೆ. ಹೆದ್ದಾರಿ ಬಿಟ್ಟು 20ನೇ ನಂಬರಿನ ರಸ್ತೆಗೆ ತಿರುಗಿದ ಮೇಲೆ ಎರಡೂ ಬದಿಯಲ್ಲಿ ಕಾಡು, ಬಲಗಡೆ ಆಗಾಗ ನದಿ. ದಾರಿಯಲ್ಲಿ ಒಂದು ಊರಿನ ಹೆಸರು ಓದಿ ನಗು ತಡೆಯಲಾಗಲಿಲ್ಲ: ಕಾಂಕ್ರೀಟ್! ಹಿಂದೆ ಅಲ್ಲಿ ಸಿಮೆಂಟ್ ಕಾರ್ಖಾನೆ ಇತ್ತಂತೆ. ಹಳೆಯ ಸಿಮೆಂಟ್ ಗೋಪುರಗಳ ಮೇಲೆ ‘ಕಾಂಕ್ರೀಟಿಗೆ ಸ್ವಾಗತ’ ಎಂದು ದೊಡ್ಡದಾಗಿ ಬರೆದಿದ್ದಾರೆ. ‘ಸಿವಿಲ್ ಸ್ಟೂಡೆಂಟ್‌ಗೆ ಇದೇ ತೀರ್ಥಕ್ಷೇತ್ರ’ ಎಂದರು ಭಾವ.

ರಾಕ್‌ಪೋರ್ಟ್ ಎಂಬ ಪುಟ್ಟ ಊರಿನ ಬಳಿ ಕಾರು ನಿಲ್ಲಿಸಿದೆವು. ಬೆಳಕು ಆಗಷ್ಟೇ ಹರಿಯುತ್ತಿತ್ತು. ನದಿಯಾಚೆಯ ಎಲೆಯುದುರಿದ ಮರಗಳಲ್ಲಿ ಬಿಳಿ ಚುಕ್ಕಿಗಳು. ಯಾರೋ ಕೊಂಬೆಗಳಿಗೆ ತೆಂಗಿನ ಹೋಳು ಸಿಕ್ಕಿಸಿದ ಹಾಗೆ. ಒಂದು, ಎರಡು, ಐದು... ಇಪ್ಪತ್ತೇಳರ ತನಕ ಎಣಿಸಿದೆ. ಅಷ್ಟೂ ಹದ್ದುಗಳ ತಲೆ. ಬೈನಾಕ್ಯುಲರ್ ಹಿಡಿದಾಗ ಕಂದು ಮರಿಗಳು ಬೇರೆ ಕಂಡವು. ಅವು ಎಣಿಕೆಗೇ ಸಿಕ್ಕಿರಲಿಲ್ಲ.

ಅವು ಅಷ್ಟು ದೂರದಿಂದ ಬರುವುದು ಸಾಲ್ಮನ್ ಮೀನಿಗಾಗಿ. ಚಮ್ ಸಾಲ್ಮನ್ ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಮೂರರಿಂದ ಐದು ವರ್ಷಕ್ಕೆ ತಾನು ಹುಟ್ಟಿದ ನದಿಯನ್ನೇ ಹುಡುಕಿಕೊಂಡು ಬರುತ್ತದೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಸತ್ತ ಮೀನುಗಳು ನದಿಯ ನಡುವಿನ ಜಲ್ಲಿ ದಿಬ್ಬಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹದ್ದುಗಳಿಗೆ ಅದು ಸಾಲು ಪಂಕ್ತಿಯ ಊಟ. ಪಂಕ್ತಿ ಎಂದರೆ ಶಿಸ್ತಿನದ್ದಲ್ಲ. ಒಂದು ಹದ್ದು ಮೀನು ಕಿತ್ತು ಎರಡು ತುತ್ತು ನುಂಗುವಷ್ಟರಲ್ಲಿ ಇನ್ನೊಂದು ಮೇಲಿಂದ ಎರಗುತ್ತದೆ, ಅದನ್ನು ಮತ್ತೊಂದು ಓಡಿಸುತ್ತದೆ. ಪಕ್ಕದಲ್ಲಿ ಕಾಗೆಗಳು, ಕಡಲಕ್ಕಿಗಳು ಕಾದು ನಿಂತಿರುತ್ತವೆ. ಫ್ರಾಂಕ್ಲಿನ್ ಹೇಳಿದ್ದು ಸುಳ್ಳಲ್ಲ.

ಕ್ಯಾಮೆರಾ ಕೈಗೆತ್ತಿಕೊಂಡ ಮೊದಲ ಒಂದು ಗಂಟೆ ಬರೀ ಪಾಠ. ಕಪ್ಪು ಕಾಡಿನ ಮುಂದೆ ಕೂತ ಹದ್ದನ್ನು ತೆಗೆದರೆ ಕ್ಯಾಮೆರಾ ‘ಅಯ್ಯೋ ಕತ್ತಲೆ’ ಎಂದು ಎಲ್ಲವನ್ನೂ ಬೆಳಗಿಸಿ ಬಿಡುತ್ತದೆ. ಆಗ ಬಿಳಿ ತಲೆ ಸುಣ್ಣದ ಉಂಡೆಯಾಗುತ್ತದೆ, ಗರಿಯೇ ಕಾಣುವುದಿಲ್ಲ. ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ ಮಾಡಬೇಕು. ಅದೇ ಹದ್ದು ಬೂದು ಆಕಾಶಕ್ಕೆ ಹಾರಿದರೆ ಮೈ ಕಪ್ಪು ನೆರಳಾಗುತ್ತದೆ, ಆಗ ಒಂದು ಸ್ಟಾಪ್ ಹೆಚ್ಚಿಸಬೇಕು. ಹಾರುವ ರೆಕ್ಕೆ ಸ್ಪಷ್ಟವಾಗಿ ಬರಲು ಶಟರ್ ವೇಗ 1/1600 ಸೆಕೆಂಡಾದರೂ ಬೇಕು. ಮಳೆ ಬೆಳಕಿನಲ್ಲಿ ಅದಕ್ಕಾಗಿ ಐಎಸ್‌ಒ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ನೊಂದನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಪಕ್ಕದಲ್ಲಿ ಟ್ರೈಪಾಡ್ ಹಾಕಿದ್ದ ಅಜ್ಜ ಒಬ್ಬರು ಇನ್ನೊಂದು ಗುಟ್ಟು ಹೇಳಿಕೊಟ್ಟರು: ಹದ್ದು ಹಾರುವ ಮುನ್ನ ಸಾಮಾನ್ಯವಾಗಿ ಬಾಲ ಎತ್ತಿ ಹಿಕ್ಕೆ ಹಾಕಿ ಹಗುರಾಗುತ್ತದೆ. ಅದು ಕಂಡ ತಕ್ಷಣ ಬಟನ್ ಒತ್ತು. ನಾಲ್ಕು ಸೆಮಿಸ್ಟರ್ ಕ್ಲಬ್‌ನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಮಾಡಿದ ಕೆಲಸ

ಒಂಬತ್ತೂವರೆ ಹೊತ್ತಿಗೆ ಒಂದು ಹದ್ದು ನಮ್ಮ ದಡದ ಕಡೆಯ ಜಲ್ಲಿ ದಿಬ್ಬಕ್ಕೆ ಇಳಿಯಿತು. ದೊಡ್ಡ ಮೀನೊಂದರ ಮೇಲೆ ಕಾಲೂರಿ ನಿಂತು ಕೀಳತೊಡಗಿತು. ರಸ್ತೆಯಿಂದ ನನ್ನ 300 ಎಂಎಂ ಲೆನ್ಸಿಗೆ ಅದು ಹೆಬ್ಬೆರಳ ಉಗುರಿನಷ್ಟು. ರಸ್ತೆಯ ಬದಿಯಲ್ಲೇ ನಿಲ್ಲಿ, ನದಿಗೆ ಇಳಿಯಬೇಡಿ ಎಂಬ ಫಲಕ ಇತ್ತು. ಓದಿದ್ದೆ. ಭಾವ ಕಾರಿನಲ್ಲಿ ಕಾಫಿ ಬಗ್ಗಿಸುತ್ತಿದ್ದರು. ನಾನು ಪೊದೆಗಳ ನಡುವೆ ಬಗ್ಗಿಕೊಂಡು ಇಳಿದೆ.

ನಾಲ್ಕು ಹೆಜ್ಜೆ, ನಿಲ್ಲು. ಇನ್ನು ನಾಲ್ಕು ಹೆಜ್ಜೆ. ಹದ್ದು ತಿನ್ನುವುದನ್ನು ನಿಲ್ಲಿಸಿ ನನ್ನತ್ತ ನೋಡಿತು. ನಾನು ಕಲ್ಲಾದೆ. ಮತ್ತೆ ತಲೆ ಬಗ್ಗಿಸಿತು. ಇನ್ನು ನಾಲ್ಕೇ ಹೆಜ್ಜೆ. ಕಾಲ ಕೆಳಗಿನ ಜಲ್ಲಿ ಸರಕ್ಕನೆ ಜಾರಿತು. ಹದ್ದು ರೆಕ್ಕೆ ಬಿಚ್ಚಿತು. ನನ್ನ ಬೆರಳು ಬಟನ್ ಮೇಲೇ ಇತ್ತು. ಹದಿನಾಲ್ಕು ಫ್ರೇಮ್. ಅದರಲ್ಲಿ ಒಂದು, ಗೆಳೆಯರೇ, ಎಂಥದ್ದು ಅಂತೀರಿ! ಎರಡೂ ರೆಕ್ಕೆ ಚಾಚಿದೆ, ಹಳದಿ ಕೊಕ್ಕು ಅರೆ ತೆರೆದಿದೆ, ಉಗುರಿನಿಂದ ನೀರ ಹನಿ ಚಿಮ್ಮುತ್ತಿದೆ, ಕಣ್ಣು ನೇರ ನನ್ನನ್ನೇ ನೋಡುತ್ತಿದೆ. ಸ್ಕ್ರೀನಿನಲ್ಲಿ ನೋಡಿ ನನ್ನ ಕೈ ನಡುಗಿತು. ಸ್ಪರ್ಧೆಯ ಮೊದಲ ಬಹುಮಾನ ಜೇಬಿನಲ್ಲಿದೆ ಎಂದುಕೊಂಡೇ ಮೇಲೆ ಹತ್ತಿದೆ.

ಮೇಲೆ ಸ್ವಯಂಸೇವಕಿ ಒಬ್ಬರು ನಿಂತಿದ್ದರು. ವಾರಾಂತ್ಯಗಳಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಬಂದವರಿಗೆ ಹದ್ದು ತೋರಿಸುವ ಅಲ್ಲಿನ ತಂಡದವರು. ಎಪ್ಪತ್ತು ದಾಟಿರಬಹುದು, ಮಳೆಕೋಟು ಹಾಕಿದ್ದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ‘ಬಾ, ಇದರಲ್ಲಿ ನೋಡು’ ಎಂದು ಟೆಲಿಸ್ಕೋಪ್ ಬಿಟ್ಟುಕೊಟ್ಟರು. ಹದ್ದು ಬಿಟ್ಟು ಹೋದ ಮೀನಿನ ಮೇಲೆ ಆಗಲೇ ಕಾಗೆಗಳು ಮುಗಿಬಿದ್ದಿದ್ದವು. ‘ಈಗ ಅಲ್ಲಿ ನೋಡು’ ಎಂದು ತಿರುಗಿಸಿದರು. ಆಚೆ ದಡದ ಮರದಲ್ಲಿ ನನ್ನ ಹದ್ದು ಗರಿ ಉಬ್ಬಿಸಿಕೊಂಡು ಕೂತಿತ್ತು. ‘ಅದು ಮರಳಿ ಬರುತ್ತದೋ ನೋಡೋಣ’ ಎಂದರು.

ಅರ್ಧ ಗಂಟೆ ನಿಂತೆವು. ಮಳೆ ಜೋರಾಯಿತು. ಅದು ಬರಲಿಲ್ಲ.

ಆಮೇಲೆ ಅವರು ಮೆಲ್ಲಗೆ ಲೆಕ್ಕ ಹೇಳಿದರು. ಜನವರಿಯಲ್ಲಿ ಅಲ್ಲಿ ಹಗಲು ಒಂಬತ್ತು ಗಂಟೆಯೂ ಇಲ್ಲ. ಹದ್ದು ಹೆಚ್ಚಾಗಿ ತಿನ್ನುವುದು ಬೆಳಗಿನ ಹೊತ್ತು. ತಿಂದದ್ದನ್ನು ಖರ್ಚು ಮಾಡದೆ ಉಳಿಸಿಕೊಳ್ಳಲೆಂದೇ ಉಳಿದ ಹೊತ್ತು ಸುಮ್ಮನೆ ಕೂರುತ್ತದೆ. ನಮಗೆ ಸೋಮಾರಿ ಅನಿಸುತ್ತದೆ, ಅದಕ್ಕೆ ಅದು ಬದುಕು. ಇಷ್ಟು ದೊಡ್ಡ ಮೈ ಎತ್ತಿ ಹಾರುವುದಕ್ಕೆ ತುಂಬ ಶಕ್ತಿ ಬೇಕು. ಅದರ ಮೇಲೆ ಈಚಿನ ವರ್ಷಗಳಲ್ಲಿ ನದಿಯಲ್ಲಿ ಮೀನೂ ಕಡಿಮೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಂತೆ, ಹವಾಮಾನ ಬದಲಾಗಿ ಸಾಲ್ಮನ್‌ಗಳು ಮೊದಲಿಗಿಂತ ಬೇಗ ಮೊಟ್ಟೆಯಿಟ್ಟು ಸಾಯುತ್ತಿವೆ. ಆ ಹೊತ್ತಿಗೇ ನದಿಗೆ ನೆರೆ ಬಂದು ಸತ್ತ ಮೀನನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಹೊಟ್ಟೆಪಾಡಿಗೆ ಬಹಳಷ್ಟು ಹದ್ದುಗಳು ಈಗ ಕೆಳಗಿನ ಬಯಲಿನ ಡೇರಿ ಫಾರ್ಮುಗಳತ್ತ ಹೋಗಿ, ಸತ್ತ ಕರು, ಹಸು ಹಾಕಿದ ಮಾಸು ತಿನ್ನುತ್ತಿವೆ.

‘ನಿನ್ನದು ಒಂದು ಫೋಟೊ’ ಎಂದರು ಅವರು. ‘ಈ ರಸ್ತೆಗೆ ಇವತ್ತು ಬರುವ ಪ್ರತಿಯೊಬ್ಬರೂ ಒಂದೊಂದು ತೆಗೆದರೆ?’

ಹೊರಡುವಾಗ ರಸ್ತೆ ಬದಿಯಲ್ಲಿ ಉದ್ದನೆಯ ಕಂದು ಗರಿಯೊಂದು ಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿದೆ. ನವಿಲುಗರಿಯನ್ನು ಪುಸ್ತಕದೊಳಗಿಟ್ಟು ಮರಿ ಹಾಕುತ್ತೆ ಎಂದು ಕಾದವರಲ್ಲವೇ ನಾವು? ಭಾವ ತಡೆದರು. ಉದುರಿದ್ದೇ ಆದರೂ ಹದ್ದಿನ ಒಂದು ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಹದ್ದಿಗೆ ತೊಂದರೆ ಕೊಟ್ಟ ಅಪರಾಧ ಸಾಬೀತಾದರೆ ಒಂದು ಲಕ್ಷ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಸರ್ಕಾರದ ಕೈಗೆ ಬಂದ ಗರಿಗಳೆಲ್ಲ ಕೊಲರಾಡೊ ರಾಜ್ಯದ ಒಂದು ಭಂಡಾರಕ್ಕೆ ಹೋಗುತ್ತವೆ. ಅಲ್ಲಿಂದ ಮೂಲನಿವಾಸಿ ಬುಡಕಟ್ಟುಗಳವರಿಗೆ ಪೂಜೆ-ಆಚರಣೆಗೆಂದು ಕೊಡುತ್ತಾರೆ.

417 ಜೋಡಿ

ಇಷ್ಟು ಬಿಗಿ ಏಕೆ ಎಂದು ಕಾರಿನಲ್ಲಿ ಕೂತು ಓದಿದೆ. 1963ರಲ್ಲಿ ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದ ಹದ್ದುಗಳು 417 ಜೋಡಿ ಮಾತ್ರ. ನಮ್ಮ ಕಾಲೇಜಿನ ಒಂದು ಬ್ಯಾಚಿನಷ್ಟೂ ಇಲ್ಲ! ಗುಂಡಿಟ್ಟು ಕೊಂದವರಿದ್ದರು, ಕಾಡು ಕಡಿದಿದ್ದರು. ಎಲ್ಲಕ್ಕಿಂತ ಮೇಲೆ ಡಿಡಿಟಿ. ಸೊಳ್ಳೆ ಸಾಯಲೆಂದು ಗೋಡೆಗೆ ಹೊಡೆಯಲು ಬರುತ್ತಿದ್ದರು ಎಂದು ಅಮ್ಮ ಈಗಲೂ ನೆನೆಯುವ ಅದೇ ಡಿಡಿಟಿ. ಹೊಲಕ್ಕೆ ಹೊಡೆದದ್ದು ಹಳ್ಳಕ್ಕೆ, ಹಳ್ಳದಿಂದ ಮೀನಿಗೆ, ಮೀನಿನಿಂದ ಹದ್ದಿಗೆ. ಹದ್ದು ಸಾಯುತ್ತಿರಲಿಲ್ಲ. ಅದರ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತಿತ್ತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು.

ರೇಚೆಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಕೀಟನಾಶಕಗಳ ಬಗ್ಗೆ ಜನರನ್ನು ಎಚ್ಚರಿಸಿದರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಗೂಡಿದ್ದ ಮರಗಳ ಸುತ್ತ ಜನ ದೂರ ಉಳಿದರು. 2007ರಲ್ಲಿ ಹದ್ದು ಅಪಾಯದ ಪಟ್ಟಿಯಿಂದ ಹೊರಬಂತು. 2021ರ ಸರ್ಕಾರಿ ವರದಿಯ ಪ್ರಕಾರ ಅದೇ 48 ರಾಜ್ಯಗಳಲ್ಲಿ 71 ಸಾವಿರಕ್ಕೂ ಹೆಚ್ಚು ಜೋಡಿ ಗೂಡು ಕಟ್ಟಿವೆ. ನಾನು ನೋಡಿದ ಇಪ್ಪತ್ತೇಳು ಬಿಳಿ ತಲೆಗಳ ಹಿಂದೆ ಇಷ್ಟು ಕಥೆಯಿತ್ತು. ಅಷ್ಟು ಜನ ಅಷ್ಟು ವರ್ಷ ದೂರ ನಿಂತು ಉಳಿಸಿದ ಹಕ್ಕಿಯ ಹತ್ತಿರ ನಾನು ನಾಲ್ಕು ಹೆಜ್ಜೆ, ನಾಲ್ಕು ಹೆಜ್ಜೆ ಎಂದು ಹೋಗಿದ್ದೆ.

ರಾತ್ರಿ ಆ ಫೋಟೊವನ್ನು ಟಿವಿಗೆ ಹಾಕಿ ತೋರಿಸಿದೆ. ‘ವಾವ್’ ಎಂದಳು ಅಕ್ಕ. ಅಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ದಿಟ್ಟಿಸಿ ನೋಡಿದಳು.

‘ಕೆಳಗೆ ಬಿದ್ದಿರೋದು ಏನೇ?’

‘ಮೀನು ಅಮ್ಮ. ತಿಂತಾ ಇತ್ತು.’

‘ತಿಂತಾ ಇದ್ದದ್ದು ಯಾಕೆ ಎದ್ದೋಯ್ತು?’

ನಾನು ಮಾತಾಡಲಿಲ್ಲ. ಅಮ್ಮನಿಗೆ ಅರ್ಥವಾಯಿತು. ‘ಉಣ್ಣೋರನ್ನ ಎಲೆ ಮುಂದಿಂದ ಎಬ್ಬಿಸಬಾರದು ಕಣೇ’ ಎಂದಳು. ಅಷ್ಟೇ. ಮತ್ತೆ ಕೂಸಿನ ಕಡೆ ತಿರುಗಿದಳು. ಟೆಲಿಸ್ಕೋಪಿನ ಅಜ್ಜಿ ಅರ್ಧ ಗಂಟೆ ಹೇಳಿದ್ದು ಅಮ್ಮನ ಒಂದು ಮಾತಿನಲ್ಲಿತ್ತು. ಜಗಳಕ್ಕೆ ಬಂದ ದಾಯಾದಿಯನ್ನೂ ‘ಊಟ ಮುಗಿಸಿ ಏಳು’ ಎನ್ನುವ ಮನೆಯಲ್ಲಿ ಬೆಳೆದವಳು ನಾನು.

ಐವತ್ತು ಪದ

ಮುಂದಿನ ಶನಿವಾರ ಮತ್ತೆ ಹೋದೆವು. ಈ ಸಲ ಕಾರಿನಿಂದ ಇಳಿಯಲಿಲ್ಲ. ನಡೆದು ಬರುವ ಮನುಷ್ಯನಿಗೆ ಹೆದರುವಷ್ಟು ಹಕ್ಕಿಗಳು ನಿಂತ ಕಾರಿಗೆ ಹೆದರುವುದಿಲ್ಲ. ಹೀಟರ್ ಆರಿಸಿ, ಕಿಟಕಿ ಇಳಿಸಿ, ಬಾಗಿಲ ಮೇಲೆ ಮಡಿಸಿದ ಟವೆಲ್ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿದೆ. ಹೀಟರ್ ಹಾಕಿದರೆ ಒಳಗಿನ ಬಿಸಿಗಾಳಿ ಹೊರ ನುಗ್ಗಿ ಚಿತ್ರ ಕಲಕುತ್ತದೆ. ಮೂರು ಗಂಟೆ ಚಳಿಯಲ್ಲಿ ಕೂತು ಸಿಕ್ಕಿದ್ದು ಒಂದು ಚಿತ್ರ: ದೂರದ ದಿಬ್ಬದಲ್ಲಿ ದೊಡ್ಡ ಹದ್ದು ಮೀನು ತಿನ್ನುತ್ತಿದೆ. ಮಾರು ದೂರದಲ್ಲಿ ಮರಿ ಹದ್ದೊಂದು ತನ್ನ ಸರದಿಗೆ ಕಾಯುತ್ತಿದೆ. ಹಕ್ಕಿ ಸಣ್ಣದು, ಮಳೆ ಮಬ್ಬು. ನಾವು ಕಾರು ತಿರುಗಿಸುವಾಗಲೂ ಅದು ತಿನ್ನುತ್ತಲೇ ಇತ್ತು.

ಅಮ್ಮನನ್ನು ಅಕ್ಕನ ಬಳಿ ಬಿಟ್ಟು ಊರಿಗೆ ಬಂದೆ. ಫೆಸ್ಟ್ ಬಂತು. ‘ಆ ಹಾರುತ್ತಿರೋ ಫೋಟೊ ಕಳಿಸು, ಬಹುಮಾನ ಗ್ಯಾರಂಟಿ’ ಎಂದರು ಗೆಳತಿಯರು. ಅರ್ಜಿ ತುಂಬಲು ಕೂತೆ. ಕೊನೆಯಲ್ಲೊಂದು ಕಾಲಂ: ‘ಈ ಚಿತ್ರ ತೆಗೆದ ಬಗೆಯನ್ನು ಐವತ್ತು ಪದಗಳಲ್ಲಿ ಬರೆಯಿರಿ.’ ಬರೆಯಲು ಹೊರಟರೆ ಒಂದೋ ಸುಳ್ಳು ಬರೆಯಬೇಕು, ಇಲ್ಲವೇ ಫಲಕ ಓದಿಯೂ ಇಳಿದೆ ಎಂದು ಬರೆಯಬೇಕು. ಕಾರಿನಿಂದ ತೆಗೆದ ಸಣ್ಣ ಹಕ್ಕಿಯ ಚಿತ್ರ ಕಳಿಸಿದೆ. ಬಹುಮಾನ ಬರಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹುಮಾನ ಐದು ಸಾವಿರ ರೂಪಾಯಿ, ಸ್ವಾಮಿ! ಹಾರುವ ಹದ್ದಿನ ಚಿತ್ರವನ್ನು ಇನ್ನೂ ಅಳಿಸಿಲ್ಲ, ಎಲ್ಲೂ ಹಾಕಿಯೂ ಇಲ್ಲ. ಆ ಐವತ್ತು ಪದದ ಬದಲು ಇಷ್ಟುದ್ದ ಬರೆದಿದ್ದೇನೆ.

ಕಳೆದ ಭಾನುವಾರ ಇಬ್ಬರು ಗೆಳತಿಯರ ಜೊತೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ. ‘ಶೋಲೆ’ ಚಿತ್ರೀಕರಣ ನಡೆದ ರಾಮನಗರ ಎಂದು ಎಲ್ಲರಿಗೂ ಗೊತ್ತು. ಅಲ್ಲಿನ ಬಂಡೆಗಳಲ್ಲಿ ರಣಹದ್ದುಗಳಿವೆ, 2012ರಿಂದ ಅದು ರಣಹದ್ದುಗಳ ಅಭಯಾರಣ್ಯ ಎಂಬುದು ಅಷ್ಟಾಗಿ ಗೊತ್ತಿಲ್ಲ. ಊರಾಚೆ ದನ ಸತ್ತರೆ ಮೂಳೆ ಉಳಿಯುವಂತೆ ತಿಂದು ಮುಗಿಸುತ್ತಿದ್ದ ರಣಹದ್ದುಗಳನ್ನು ಅಮ್ಮ ನೋಡಿದ್ದಾಳೆ. ನಾನು ನೋಡಿರಲಿಲ್ಲ. ಬಿಳಿಬೆನ್ನಿನ ರಣಹದ್ದುಗಳಂತೂ 1992ರಿಂದ 2007ರೊಳಗೆ ದೇಶದಲ್ಲಿ ಸಾವಿರಕ್ಕೆ ಒಂದರಂತೆ ಉಳಿದವು. ಅಲ್ಲಿ ಡಿಡಿಟಿ, ಇಲ್ಲಿ ಡೈಕ್ಲೊಫೆನಾಕ್. ದನಗಳಿಗೆ ಕೊಡುತ್ತಿದ್ದ ಈ ನೋವಿನ ಔಷಧಿ ಸತ್ತ ದನದ ಮಾಂಸದಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಜಾನುವಾರುಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷೇಧವಾಯಿತು. ಅಂಥದ್ದೇ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ 2023ರಲ್ಲಿ ನಿಷೇಧವಾದವು. 417ರಿಂದ 71 ಸಾವಿರಕ್ಕೆ ಏರಲು ಅಲ್ಲಿ ಅರ್ಧ ಶತಮಾನವೇ ಹಿಡಿಯಿತು. ನಮ್ಮದು ಈಗ ಶುರು.

ಎರಡು ಗಂಟೆ ಕಾದ ಮೇಲೆ ಎದುರಿನ ಬಂಡೆಯ ಬಿರುಕಿನಲ್ಲಿ ಒಂದು ಕಂದು ಗುಡ್ಡೆ ಅಲುಗಾಡಿತು. ಉದ್ದಕೊಕ್ಕಿನ ರಣಹದ್ದು. ನನ್ನ ಮೊಬೈಲಿನಲ್ಲಿ ಅದು ಒಂದು ಚುಕ್ಕಿ. ಗೆಳತಿಯೊಬ್ಬಳು ‘ಆ ಬಂಡೆ ಹತ್ತಿದರೆ ಇನ್ನೂ ಚೆನ್ನಾಗಿ ಕಾಣುತ್ತೇನೋ’ ಎಂದಳು. ‘ಬೇಡ ಬಾ’ ಎಂದೆ.

ರಾತ್ರಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಆ ಚುಕ್ಕಿಯನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಹುಡುಕಿದಳು.

‘ಏನು ಮಾಡ್ತಿತ್ತು?’

‘ಏನೂ ಇಲ್ಲಮ್ಮ, ಕೂತಿತ್ತು. ನಾವು ಬರುವಾಗಲೂ ಅಲ್ಲೇ ಕೂತಿತ್ತು.’

‘ಒಳ್ಳೇದಾಯ್ತು ಬಿಡು’ ಎಂದಳು ಅಮ್ಮ.